ಗೌರಕ್ಕನ ಕೊಬ್ಬರಿಯೂ ನನ್ನ ಬೂಸ್ಟಿನ ಭಯವೂ

ಬೂಸ್ಟಿನ ವಿಷಯ ನಾನು ಓದಲೇಬಾರದಿತ್ತು. ಓದಿದ್ದರಿಂದ ಜ್ಞಾನ ಹೆಚ್ಚಿತು, ನಿಜ. ಆದರೆ ಮನೆಗೆ ಊಟಕ್ಕೆ ಕರೆಯುವವರು ಕಡಿಮೆಯಾದರು.

ತಿಪಟೂರಿನಲ್ಲಿ ನನ್ನದೊಂದು ಪುಸ್ತಕ, ಪೆನ್ನು ಮಾರುವ ಅಂಗಡಿಯಿದೆ. ಶಾಲೆ ಬಿಡುವವರೆಗೆ ಗಿರಾಕಿಗಳಿರುವುದಿಲ್ಲವಾದ್ದರಿಂದ ಅಲ್ಲಿಯವರೆಗೆ ಮೊಬೈಲಿನಲ್ಲಿ ಸಿಕ್ಕಿದ್ದನ್ನು ಓದುತ್ತೇನೆ. ಹಾಗೆ ಓದುತ್ತಿದ್ದಾಗ ತಿಳಿದದ್ದು, ಕಾಳುಕಡ್ಡಿಗೆ ಹಿಡಿಯುವ ಕೆಲವು ಬೂಸ್ಟುಗಳು ಕಣ್ಣಿಗೆ ಕಾಣದ ವಿಷವನ್ನು ಬಿಟ್ಟುಹೋಗುತ್ತವೆ. ಮೇಲಿನ ಹಸಿರನ್ನು ಒರೆಸಿದರೆ ಅದು ಹೋಗುವುದಿಲ್ಲ, ಹುರಿದರೂ ಪೂರ್ತಿ ನಾಶವಾಗುವುದಿಲ್ಲ. ವರ್ಷಗಟ್ಟಲೆ ತಿಂದರೆ ಸದ್ದಿಲ್ಲದೆ ಯಕೃತ್ತನ್ನು ಕೆಡಿಸುತ್ತದೆ. ಕಡಲೆಕಾಯಿ, ಒಣಮೆಣಸಿನಕಾಯಿ, ಜೋಳ, ಕಾಫಿಬೀಜ, ಕೊನೆಗೆ ಸೇಬಿನ ರಸ ಕೂಡ ಆ ಪಟ್ಟಿಯಲ್ಲಿದ್ದವು. ಅಂದಿನಿಂದ ಕಡಲೆಬೀಜವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡದೆ ನಾನು ಬಾಯಿಗೆ ಹಾಕಲಿಲ್ಲ. ವಜ್ರದ ವ್ಯಾಪಾರಿಗಳಾದರೂ ಇಷ್ಟು ನೋಡುವುದಿಲ್ಲ ಎಂದು ನನ್ನ ಹೆಂಡತಿ ಮಂಗಳಾ ಹೇಳಿದಳು.

ಬೂಸ್ಟಿನ ವಂಶವೆಲ್ಲ ಕೆಟ್ಟದ್ದೆಂದು ಹೇಳಿದರೆ ಅನ್ಯಾಯವಾದೀತು. ಅದೇ ಕುಲದ ಒಂದು ಕವಲಿನಿಂದ ಜೀವ ಉಳಿಸುವ ಔಷಧಿ ಬಂದಿದೆ. ದೂರದ ನೆಂಟರು ಕೆಲವರು ಬ್ರೆಡ್ಡನ್ನು ಉಬ್ಬಿಸುತ್ತಾರೆ. ದೊಡ್ಡ ಮನೆತನಗಳಲ್ಲಿ ಒಬ್ಬ ಡಾಕ್ಟರು, ಒಬ್ಬ ಅಡುಗೆಯವನು, ಒಬ್ಬ ಪುಂಡ ಇರುವಂತೆ ಇಲ್ಲಿಯೂ ಇದ್ದಾರೆ. ತೊಂದರೆಯೆಂದರೆ ಪುಂಡ ಯಾರ ಮನೆಗೆ ಬರುತ್ತಾನೆಂಬುದು ಮೊದಲೇ ಗೊತ್ತಾಗುವುದಿಲ್ಲ. ನಮ್ಮ ಮನೆಗೆ ಅವನು ಬಂದದ್ದು ಗೌರಕ್ಕನ ಚೀಲದಲ್ಲಿ.

ಗೌರಕ್ಕ ನನ್ನ ಒಡಹುಟ್ಟಿದ ಅಕ್ಕ. ಅಮ್ಮ ಬೇಗ ತೀರಿಕೊಂಡಿದ್ದರಿಂದ ನನಗೆ ಅನ್ನ ಕಲಸಿಕೊಟ್ಟು, ತಲೆ ಬಾಚಿ ಶಾಲೆಗೆ ಕಳಿಸಿದವಳು ಅವಳೇ. ಈಗ ಮಾಯಸಂದ್ರದಲ್ಲಿ ತೋಟ ಮಾಡಿಸಿಕೊಂಡಿದ್ದಾಳೆ. ಅವಳ ಹೆಮ್ಮೆಯೆಲ್ಲ ಅಟ್ಟದ ಮೇಲಿದೆ. ತೆಂಗಿನಕಾಯಿಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ನನ್ನ ಮಗಳು ವೀಣಾಳ ಸೀಮಂತ ಗೊತ್ತಾದಾಗ ಗೌರಕ್ಕ ಹೇಳಿದ್ದು ಒಂದೇ ಮಾತು: ಮಡಿಲು ತುಂಬುವ ಕೊಬ್ಬರಿ ತನ್ನ ಅಟ್ಟದಿಂದಲೇ ಬರಬೇಕು.

ಸೀಮಂತದ ಹಿಂದಿನ ದಿನ ಬೆಳಿಗ್ಗೆ ಬಸ್ಸಿಳಿದು ಬಂದಳು. ಚೀಲವನ್ನು ನನ್ನ ಕೈಗೆ ಕೊಟ್ಟು ವೀಣಾಳ ಹೊಟ್ಟೆ ನೋಡಲು ಒಳಗೆ ಓಡಿದಳು. ಅಡುಗೆಮನೆಯಲ್ಲಿ ನಾನು ಚಪಲಕ್ಕೆ ಒಂದು ಉಂಡೆ ಒಡೆದೆ. ಹೊರಗೆ ಕಂದುಬಣ್ಣದ ಒಳ್ಳೆಯ ಕೊಬ್ಬರಿ. ಒಳಗೆ ಹಸಿರು ಪುಡಿ.

ಊರಿಗೆಲ್ಲ ಬೂಸ್ಟಿನ ಉಪದೇಶ ಮಾಡುತ್ತಿದ್ದವನಿಗೆ ಆಗ ನಾಲಗೆಯೇ ಹೊರಳಲಿಲ್ಲ. ಒಳಗೆ ಅಕ್ಕ ಆಗಲೇ ವೀಣಾಳಿಗೆ, ಈ ಕೊಬ್ಬರಿ ದಿನಾ ಬೆಲ್ಲದ ಜೊತೆ ತಿನ್ನಬೇಕು, ಮಗು ಗಟ್ಟಿಯಾಗುತ್ತದೆ ಎಂದು ಹೇಳುತ್ತಿದ್ದಳು. ತಿನ್ನಬೇಡ ಎಂದರೆ ಅಕ್ಕನ ಮನಸ್ಸು ಒಡೆಯುತ್ತದೆ; ಸುಮ್ಮನಿದ್ದರೆ ಬಸುರಿ ಮಗಳು ಅದನ್ನೇ ತಿನ್ನುತ್ತಾಳೆ. ಮಂಗಳಾಳಿಗೆ ತೋರಿಸಿದೆ. ಅಕ್ಕನಿಗೆ ನೇರವಾಗಿ ಹೇಳಿಬಿಡಿ ಎಂದಳು. ನಾನು ಅದಕ್ಕಿಂತ ಜಾಣತನದ ದಾರಿ ಹುಡುಕಿದೆ. ಪೇಟೆಗೆ ಹೋಗಿ ಒಳ್ಳೆಯ ಕೊಬ್ಬರಿ ತಂದು, ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಅಕ್ಕನ ಚೀಲವನ್ನು ಖಾಲಿ ಮಾಡಿ ಅದಕ್ಕೆ ತುಂಬತೊಡಗಿದೆ.

ಹಿಂದೆ ಬಳೆಯ ಸದ್ದಾಯಿತು. ಗೌರಕ್ಕ ನೀರು ಕುಡಿಯಲು ಎದ್ದು ಬಂದಿದ್ದಳು.

"ಅಂಗಡಿ ಕೊಬ್ಬರಿ ತಂದು ನನ್ ಚೀಲ್ದಾಗೆ ಯಾಕ್ಲಾ ತುಂಬ್ತಿದೀಯ?" ಎಂದಳು. ದನಿಯಲ್ಲಿ ಕೋಪವಿರಲಿಲ್ಲ, ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಒಡೆದ ಹೋಳನ್ನು ಅವಳ ಕೈಗಿಟ್ಟೆ. ಒರೆಸಿ ಬಿಸಿಲಿಗಿಟ್ಟರೂ ಹೋಗದ ವಿಷವಿದು, ವೀಣಾ ತಿನ್ನಬಾರದು ಅಂತ ತಡವರಿಸುತ್ತಾ ಹೇಳಿದೆ. ಅವಳು ಬಹಳ ಹೊತ್ತು ಅದನ್ನು ನೋಡಿದಳು. ಮೂಸಿದಳು. ಆಮೇಲೆ ನೆಲಕ್ಕೆ ಕುಳಿತು ಇನ್ನೊಂದನ್ನು ತಾನೇ ಒಡೆದಳು. ಅದು ಮಲ್ಲಿಗೆಯಷ್ಟು ಬೆಳ್ಳಗಿತ್ತು. ಮತ್ತೊಂದು ಒಡೆದಳು. ಅದರಲ್ಲಿ ಹಸಿರು.

"ಈ ಸಲ ಮಳೇಲಿ ಹೆಂಚು ಸೋರಿತ್ತು ಕಣ್ಲಾ," ಎಂದಳು. "ಒಂದು ಮೂಲೆ ಕಾಯಿ ನೆನೆದಿದ್ವು. ಒಣಗ್ತವೆ ಬುಡು ಅಂದ್ಕೊಂಡೆ." ಹಸಿರು ಹೋಳನ್ನು ಪಕ್ಕಕ್ಕಿಟ್ಟು, "ಊರಿಗೆಲ್ಲ ಬುದ್ಧಿ ಹೇಳ್ತೀಯ. ನಂಗೆ ಹೇಳಕ್ಕೆ ಬಾಯಿ ಬರ್ಲಿಲ್ವಾ? ನಾನೇನು ಹೊರಗ್ನೋಳಾ?" ಎಂದಳು.

ಅವಳ ಪಕ್ಕ ಕುಳಿತು ಒಡೆಯತೊಡಗಿದೆ. ಬಿಳಿಯದು ಬುಟ್ಟಿಗೆ, ಹಸಿರಿನದು ಪಕ್ಕಕ್ಕೆ. ಕೆಟ್ಟದ್ದನ್ನು ಏನು ಮಾಡುವುದೆಂಬ ಪ್ರಶ್ನೆ ಬಂತು. ಹಸುವಿಗೆ ಹಾಕೋಣ ಎಂದಳು. ಆ ವಿಷ ಹಾಲಿನಲ್ಲಿ ಇಳಿದು ನಮ್ಮ ಲೋಟಕ್ಕೇ ವಾಪಸ್ಸು ಬರುತ್ತದೆ ಎಂದೆ. ಗಾಣಕ್ಕೆ ಕೊಡೋಣ ಎಂದಳು. ಎಣ್ಣೆಯಲ್ಲೂ ಬರುತ್ತದೆ ಎಂದೆ. "ಒಳ್ಳೆ ಸಾಲಗಾರನ ಥರ ಬೆನ್ನು ಹತ್ತೈತಲ್ಲ ಇದು," ಎಂದು ಅಕ್ಕ ನಕ್ಕುಬಿಟ್ಟಳು. ನಾನೂ ನಕ್ಕೆ. ನಗುವಿನ ಸದ್ದಿಗೆ ಮಂಗಳಾ, ವೀಣಾ ಎದ್ದು ಬಂದರು. ಕೊನೆಗೆ ಹಿತ್ತಲಿನಲ್ಲಿ ಗುಂಡಿ ತೋಡಿ ಹೂತೆವು.

ಅಷ್ಟಕ್ಕೆ ಮುಗಿಯಲಿಲ್ಲ. ಸೆರಗು ಸಿಕ್ಕಿಸಿಕೊಂಡ ಗೌರಕ್ಕ ನನ್ನ ಅಡುಗೆಮನೆಯ ಡಬ್ಬಗಳನ್ನೆಲ್ಲ ಇಳಿಸಿದಳು. ಅಗ್ಗಕ್ಕೆ ಸಿಕ್ಕಿತೆಂದು ನಾನೇ ತಂದು, ಮುಚ್ಚಳ ಸರಿಯಾಗಿ ಹಾಕದೆ ಇಟ್ಟಿದ್ದ ಕಡಲೆಬೀಜದ ತಳದಲ್ಲಿ ಬೂಸ್ಟು ಉಣ್ಣೆಯ ಟೋಪಿಯಂತೆ ಬೆಳೆದಿತ್ತು. ಬೆಳಕಿಗೆ ಹಿಡಿದು ನೋಡುವ ನಾನು ಡಬ್ಬದ ತಳವನ್ನೇ ನೋಡಿರಲಿಲ್ಲ. ಮಂಗಳಾಳ ಮುಖದಲ್ಲಿ ಆವತ್ತು ಕಂಡ ಸಂತೋಷ ನಮ್ಮ ಮದುವೆಯ ಫೋಟೋದಲ್ಲೂ ಇಲ್ಲ.

ಮರುದಿನ ಸೀಮಂತ ಚೆನ್ನಾಗಿ ನಡೆಯಿತು. ಹಸಿರು ಸೀರೆಯುಟ್ಟು ಕುಳಿತ ವೀಣಾಳ ಮಡಿಲಿಗೆ ಅಕ್ಕ ಅಕ್ಕಿ, ಬೆಲ್ಲ, ತನ್ನ ಅಟ್ಟದ ಬಿಳಿ ಕೊಬ್ಬರಿ ಬಟ್ಟಲು ಎಲ್ಲವನ್ನೂ ತುಂಬಿದಳು. ಕೊಬ್ಬರಿ ಇಷ್ಟೇ ಏಕೆ ಎಂದು ಬೀಗಿತ್ತಿ ಕೇಳಿದಾಗ, ಒಳ್ಳೆಯದಷ್ಟೇ ತಂದಿದ್ದೀನಿ ಎಂದು ತಲೆಯೆತ್ತಿಯೇ ಹೇಳಿದಳು.

ಊರಿಗೆ ಹೋದವಳು ಮೊದಲು ಹೆಂಚು ಬದಲಾಯಿಸಿದಳಂತೆ. ಆಮೇಲೆ ಮಾಯಸಂದ್ರದ ಅಟ್ಟಗಳಿಗೆಲ್ಲ ಅವಳ ತನಿಖೆ ಶುರುವಾಯಿತೆಂದು ಭಾವ ಫೋನಿನಲ್ಲಿ ದೂರಿದರು. ವೀಣಾಳಿಗೆ ಮಗಳು ಹುಟ್ಟಿದ ಸುದ್ದಿ ಮುಟ್ಟಿದ್ದೇ ತಡ, ಬಾಣಂತಿಯ ಅಂಟಿನುಂಡೆಗೆಂದು ಕೊಬ್ಬರಿ ಹೊತ್ತು ಮತ್ತೆ ಬಂದಳು. ಮಗುವಿನ ಮುಖ ನೋಡಿ, ವಿಭೂತಿ ಇಟ್ಟು, ನಡುಮನೆಯಲ್ಲಿ ಚೀಲ ಬಿಚ್ಚಿ ನನ್ನನ್ನು ಕರೆದಳು.

"ಎಲ್ಲಾ ಒಡ್ದೇ ತಂದಿದೀನಿ. ಕನ್ನಡಕ ಹಾಕ್ಕೊಂಡು ನೋಡು. ಸಂಕೋಚ ಬ್ಯಾಡ."

ಅವಳೆದುರೇ ಕುಳಿತು ಒಂದೊಂದನ್ನೂ ತಿರುಗಿಸಿ ನೋಡಿದೆ, ಮೂಸಿದೆ. ಅವಳು ಗಲ್ಲಕ್ಕೆ ಕೈಕೊಟ್ಟು, ಪರೀಕ್ಷೆಯಲ್ಲಿ ಎಲ್ಲ ಉತ್ತರ ಬರೆದು ಮುಗಿಸಿದ ಹುಡುಗಿಯಂತೆ ಕುಳಿತಿದ್ದಳು. ಎಲ್ಲೂ ಒಂದು ಚುಕ್ಕೆ ಸಿಗಲಿಲ್ಲ. ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡೆ. ಹಿಂದೆ ಎಷ್ಟೋ ಸಲ ಅವಳ ಕೊಬ್ಬರಿಯನ್ನು ಕಣ್ಣುಮುಚ್ಚಿ ನಂಬಿ ತಿಂದಿದ್ದೇನೆ. ಕಣ್ಣುಬಿಟ್ಟು ನಂಬಿ ತಿಂದದ್ದು ಅದೇ ಮೊದಲು. ಇದರ ರುಚಿ ಒಂದು ಕೈ ಮೇಲೆಯೇ ಇತ್ತು.