ಮುದ್ರೆಯಿಲ್ಲದ ಕಂಬಳಿ

ಬೆಡ್‌ಶೀಟ್ ಮಾಮಾ ಅವರ ಬಲಗೈ ಹೆಬ್ಬೆರಳು ವರ್ಷವಿಡೀ ನೇರಳೆ. ಎಷ್ಟು ತಿಕ್ಕಿದರೂ ಹೋಗದ ಮುದ್ರೆಯ ಶಾಯಿ ಅದು. ಮದರಾಸಿನ ಟ್ರಿಪ್ಲಿಕೇನ್‌ನಲ್ಲಿ ಲಾಡ್ಜುಗಳಿಗೆ ಹೊದಿಕೆ, ದಿಂಬು ಮಾರುವ ಸಣ್ಣ ಅಂಗಡಿ ಅವರದು. ತಿಂಗಳಿಗೊಮ್ಮೆ ಅಲ್ಲಿಂದ ಆಟೋ ತುಂಬ ಕಂಬಳಿ, ಚಾದರ ದಿಕ್ಕಿಲ್ಲದ ವೃದ್ಧರ ಆಶ್ರಮಕ್ಕೂ ಗಾಯಗೊಂಡ ಬೀದಿನಾಯಿಗಳ ಶೆಲ್ಟರಿಗೂ ಹೋಗುತ್ತಿತ್ತು. ಹೊರಡುವ ಮುಂಚೆ ಪ್ರತಿಯೊಂದರ ನಟ್ಟನಡುವೆ ಅಂಗೈ ಅಗಲದ ಮುದ್ರೆ ಬೀಳುತ್ತಿತ್ತು: ‘ದಾನ ಕೊಟ್ಟದ್ದು, ಮಾರುವಂತಿಲ್ಲ’ ಎಂದು, ತಮಿಳಿನಲ್ಲಿ.

“ಇಲ್ಲಾಂದ್ರೆ ಮರುವಾರವೇ ಪ್ಯಾರೀಸ್ ಕಾರ್ನರ್ ಫುಟ್‌ಪಾತಲ್ಲಿ ಸಿಗತ್ತಮ್ಮಾ” ಎನ್ನುತ್ತಿದ್ದರು. ಒಮ್ಮೆ ತಾವೇ ಕೊಟ್ಟ ಕಂಬಳಿಗೆ ಅಲ್ಲಿ ತಾವೇ ಚೌಕಾಸಿ ಮಾಡಿದ್ದರಂತೆ.

ಅವರದು ತಲೆಮಾರುಗಳ ಹಿಂದೆ ಮದರಾಸಿಗೆ ಬಂದ ಕನ್ನಡದ ವೈಷ್ಣವ ಮನೆತನ. ಅವರ ಕನ್ನಡದಲ್ಲಿ ಅರ್ಧ ತಮಿಳು, ಉಳಿದರ್ಧ ಅನುಮಾನ. ಮೈಸೂರಿನಿಂದ ಬಂದು ಗಿಂಡಿಯ ಆಫೀಸಿನಲ್ಲಿ ದುಡಿಯುವ ನಾನು ಭಾನುವಾರಗಳಂದು ಆಶ್ರಮದಲ್ಲಿ ಕೈಜೋಡಿಸುತ್ತಿದ್ದೆ. ಮೊದಲ ಭೇಟಿಯಲ್ಲೇ ವಿಚಾರಣೆ ನಡೆಯಿತು.

“ಸಂಬಳ ಕೊಡ್ತಾರಾ?”

“ಇಲ್ಲ ಮಾಮಾ.”

“ಹಾಗಾದ್ರೆ ಯಾಕ್ ಬರ್ತೀ? ಸುಮ್ಮಾ ಯಾರೂ ಬರಲ್ಲ.”

ನನ್ನ ಕೈಚೀಲದತ್ತ ಒಮ್ಮೆ ಕಣ್ಣು ಹಾಯಿಸಿಯೇ ಮುಂದಕ್ಕೆ ಹೋದರು. ನನಗೆ ಮೈಯೆಲ್ಲ ಉರಿದುಹೋಯಿತು. ಆಮೇಲೆ ತಿಳಿಯಿತು, ಶೆಲ್ಟರಿನಲ್ಲಿ ನಾಯಿಗಳ ಅನ್ನವನ್ನೂ ಅವರು ಒಂದು ತುತ್ತು ಬಾಯಿಗಿಟ್ಟು ನೋಡುತ್ತಿದ್ದರು. ನಾಯಿಯ ಹಾಸಿಗೆಗೂ ಮುದ್ರೆ ಯಾಕೆ ಎಂದು ಕೇಳಿದರೆ, “ನಾಯಿ ಮಾರಲ್ಲಮ್ಮಾ. ನೋಡ್ಕೊಳ್ಳೋರನ್ನ ನಂಬಕ್ಕಾಗತ್ತಾ?” ಎಂದರು.

ಒಂದು ಡಿಸೆಂಬರಿನಲ್ಲಿ ಮಳೆ ಹಿಡಿದುಕೊಂಡಿತ್ತು. ಆಶ್ರಮದ ಕಿಟಕಿ ಪಕ್ಕದ ಅಜ್ಜಿಯೊಬ್ಬರು ಕಂಬಳಿಯನ್ನು ಮಡಿಸಿ ಕಾಲ ಬಳಿ ಇಟ್ಟುಕೊಂಡು, ಸೀರೆಯ ಸೆರಗನ್ನೇ ಹೊದ್ದು ನಡುಗುತ್ತಿದ್ದರು. ಕೆಮ್ಮು ಎದೆಗಿಳಿದಿತ್ತು. ಹೊದಿಸಲು ಹೋದರೆ ಕೈ ತಳ್ಳಿ, ಮುದ್ರೆಯತ್ತ ಬೆರಳು ಮಾಡಿ, “ನಾನೇನು ಕಳ್ಳಿಯಾ?” ಎಂದು ತಮಿಳಿನಲ್ಲಿ ಕೇಳಿದರು. ಡಾಕ್ಟರು ಬೆಚ್ಚಗಿಡಿ ಎಂದು ಹೇಳಿಹೋಗಿದ್ದರು. ಅಜ್ಜಿಯದು ಒಂದೇ ಹಟ.

ನಾನು ನೆಟ್ಟಗೆ ಅಂಗಡಿಗೆ ಹೋಗಿ ಮಾಮಾ ಅವರಿಗೆ ಬಾಯಿಗೆ ಬಂದಂತೆ ಅಂದೆ. ಮರುದಿನ ಅವರು ಆಶ್ರಮಕ್ಕೆ ತಾವೇ ಬಂದು, ಮುದ್ರೆಯಿಲ್ಲದ ಹೊಸ ನೀಲಿ ಕಂಬಳಿಯನ್ನು ಅಜ್ಜಿಯ ಮಂಚದ ಮೇಲಿಟ್ಟು, ಮುಖ ಕೂಡ ನೋಡದೆ ಹೋದರು. ಅಜ್ಜಿ ಹೊದ್ದರು. ಕೆಮ್ಮು ಇಳಿಯಿತು.

ಸಂಕ್ರಾಂತಿ ಹೊತ್ತಿಗೆ ಆ ಕಂಬಳಿ ಮಾಯ. ಮಾಮಾ ಬಂದ ದಿನವೇ ಅದು ಗೊತ್ತಾಗಬೇಕೇ! “ಒಗೆಯಲು ಹಾಕಿದೆ” ಎಂದರು ಅಜ್ಜಿ, ಗೋಡೆಯ ಕಡೆ ತಿರುಗಿ. ಹಿತ್ತಲಿನ ಹಗ್ಗದ ಮೇಲೆ ಒಂದು ಟವೆಲ್ ಮಾತ್ರ ಒಣಗುತ್ತಿತ್ತು. ಹಗ್ಗವನ್ನು ನಾನೂ ನೋಡಿದೆ, ಮಾಮಾನೂ ನೋಡಿದರು. ಇನ್ನು ನನ್ನನ್ನು ಇವರು ಆಯುಷ್ಯವಿಡೀ ಆಡಿಕೊಳ್ಳುತ್ತಾರೆ ಎಂದುಕೊಂಡೆ. ಅಜ್ಜಿಯ ಬಾಯಿ ಬಿಡಿಸಿಯೇ ತೀರುತ್ತೇನೆ ಎಂದು ಒಳಕ್ಕೆ ಹೊರಟವಳನ್ನು ಅವರೇ ತಡೆದರು.

“ಕೇಳಬೇಡ. ಕೇಳಿದ್ರೆ ಪಾಪ, ಇನ್ನೊಂದು ಸುಳ್ಳು ಹೇಳ್ಬೇಕಾಗತ್ತೆ.”

“ಮಾರಿದ್ದಾರೆ ಅಂತೀರಾ ಮಾಮಾ?”

“ಕಂಡಿಪ್ಪಾ, ಖಂಡಿತಾ ಮಾರಿದ್ದಾಳೆ. ಏನ್ ಕಷ್ಟವೋ.”

ಸಂಜೆಯೊಳಗೆ ಇನ್ನೊಂದು ಕಂಬಳಿ ಬಂತು. ಅದಕ್ಕೂ ಮುದ್ರೆಯಿಲ್ಲ. “ಇದೂ ಹೋಗತ್ತೆ, ನೋಡ್ತಾ ಇರು” ಎಂದು ನನ್ನ ಕಿವಿಯಲ್ಲಿ ಹೇಳದೆ ಇರಲು ಮಾತ್ರ ಅವರಿಂದಾಗಲಿಲ್ಲ.

ಅದು ಹೋಗಲಿಲ್ಲ. ಹೋದವರು ಮಾಮಾ, ಕಳೆದ ಬೇಸಿಗೆಯಲ್ಲಿ, ಅಂಗಡಿಯ ಗಲ್ಲಾದಲ್ಲಿ ಕೂತಲ್ಲಿಯೇ. ನಾನು ಸುದ್ದಿ ತಿಳಿಸಿದಾಗ ಅಜ್ಜಿ, ಆ ನೀಲಿ ಕಂಬಳಿಯ ವಿಷಯ ಅವರಿಗೆ ಗೊತ್ತಿತ್ತೇ ಎಂದು ಕೇಳಿದರು.

“ಇಲ್ಲ ಅಜ್ಜಿ. ನೀವು ಹೇಳಿದ್ದನ್ನೇ ನಂಬಿದ್ದರು” ಎಂದೆ.

ಜನ್ಮದಲ್ಲಿ ಯಾರನ್ನೂ ನಂಬದ ಆ ಮನುಷ್ಯನ ಮೇಲೆ ಅಷ್ಟು ದೊಡ್ಡ ಸುಳ್ಳು ಹೊರಿಸಿದೆ. ಅವರು ಇದ್ದಿದ್ದರೆ ಅದನ್ನೇ ಹೇಳು ಎನ್ನುತ್ತಿದ್ದರು.