ಅರಿಶಿನ ಹಚ್ಚಿದ ಅಂಚುಗಳು

ಇದನ್ನು ಬರೆದುಕೊಡಿ ಎಂದು ಸಂಡೂರಿನ ಟೀಚರಮ್ಮ ನನ್ನನ್ನು ಕೇಳಿ ಒಂದೂವರೆ ವರ್ಷವಾಯಿತು. ಮೊದಲು ಕಣ್ಣಿನ ಆಪರೇಷನ್ ಎಂದೆ. ಆಮೇಲೆ ಮೊಮ್ಮಗಳ ಮದುವೆ ಎಂದೆ. ಚಳಿಗೆ ಬೆರಳು ಬಗ್ಗುವುದಿಲ್ಲ ಎಂದೆ, ಬೇಸಿಗೆ ಬಂದಾಗ ಸೆಕೆ ಎಂದೆ. ಬರೆದರೆ ಒಂದು ಹಳೆಯ ಸುಳ್ಳನ್ನು ಇನ್ನೊಮ್ಮೆ ಹೇಳಬೇಕಾಗುತ್ತಿತ್ತು, ಇಲ್ಲವೇ ಅದು ಸುಳ್ಳೆಂದು ಒಪ್ಪಿಕೊಳ್ಳಬೇಕಾಗುತ್ತಿತ್ತು. ಎರಡಕ್ಕೂ ನನಗೆ ಧೈರ್ಯ ಇರಲಿಲ್ಲ. ಈಗಲೂ ಬಹಳ ಇದೆ ಎಂದೇನಲ್ಲ.

ನಾನು ಹೊಸಪೇಟೆಯಲ್ಲಿ ಬೈಂಡಿಂಗ್ ಅಂಗಡಿ ಇಟ್ಟಿದ್ದವನು. ಓದು ಹತ್ತನೆಯ ತರಗತಿಗೆ ಮುಗಿಯಿತು. ಗಣಿ ಕಚೇರಿಗಳ ರಿಜಿಸ್ಟರು, ಕಾಲೇಜಿನವರ ಪ್ರಾಜೆಕ್ಟು, ಮಠದ ಹಳೆಯ ಪುರಾಣದ ಪುಸ್ತಕ ಎಲ್ಲವೂ ನನ್ನ ಕೈಯಿಂದ ಹಾದುಹೋಗಿವೆ. ಮುಂದೆ ಕಟಿಂಗ್ ಮಷೀನಿನ ಹತ್ತಿರ ನಾನು ನಿಲ್ಲುತ್ತಿದ್ದೆ. ಒಳಗೆ ಚಾಪೆಯ ಮೇಲೆ ಕುಳಿತು ಹಾಳೆಗಳನ್ನು ಹೊಲಿಯುತ್ತಿದ್ದವಳು ನನ್ನ ಹೆಂಡತಿ. ಮೈದಾ ಅಂಟು ಕುದಿಸಿ ಅದಕ್ಕೆ ಹುಳ ಬೀಳದ ಹಾಗೆ ಮೈಲುತುತ್ತ ಬೆರೆಸುವುದೂ ಅವಳದೇ ಕೆಲಸ. ಮಷೀನಿನ ಹಿಡಿ ಮಾತ್ರ ನಾನು ಅವಳ ಕೈಗೆ ಕೊಟ್ಟವನಲ್ಲ.

ಹದಿನೈದು ವರ್ಷಗಳ ಹಿಂದೆ ಟೀಚರಮ್ಮ ಒಂದು ಬಟ್ಟೆಯ ಗಂಟು ಹಿಡಿದುಕೊಂಡು ಅಂಗಡಿಗೆ ಬಂದರು. ಆಗ ಅವರು ಸಂಡೂರಿನ ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ಗಂಟಿನಲ್ಲಿ ಇಪ್ಪತ್ತೇಳು ಕಾಗದಗಳಿದ್ದವು. ಹದಿನೆಂಟನೆಯ ಶತಮಾನದವು ಎಂದರು. ಕೈಯಲ್ಲಿ ಮಾಡಿದ ದಪ್ಪ ಕಾಗದ, ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಜೆರಾಕ್ಸ್ ಮಾಡಿಸಲು ಹೋದರೆ ಮಡಿಕೆಯಲ್ಲಿ ಹರಿಯುತ್ತದೆ, ಮೊದಲು ಗಟ್ಟಿ ಮಾಡಿಕೊಡಿ ಎಂದರು.

ಆ ಕಾಗದಗಳ ಹಿಂದಿನ ಕಥೆ ಹೀಗೆ: ಕಂಪ್ಲಿಯಲ್ಲಿ ಒಂದೇ ಓಣಿಯಲ್ಲಿ ಬೆಳೆದ ಇಬ್ಬರು ಹೆಣ್ಣುಮಕ್ಕಳು. ಒಬ್ಬಳನ್ನು ಸಂಡೂರಿಗೆ ಕೊಟ್ಟರು. ಅವಳು ಟೀಚರಮ್ಮನ ಮನೆತನದ ಹಿರಿಯಳು. ಇನ್ನೊಬ್ಬಳು ಕಂಪ್ಲಿಯಲ್ಲೇ ಗಾಣವಿದ್ದ ಮನೆಯ ಸೊಸೆಯಾದಳು. ಇಪ್ಪತ್ತೇಳೂ ಕಾಗದ ಕಂಪ್ಲಿಯವಳ ಮನೆಯಿಂದ ಸಂಡೂರಿನವಳ ಮನೆಗೆ ಬಂದವು. ಸಂಡೂರಿನವಳು ಬರೆದದ್ದು ಒಂದೂ ಉಳಿದಿಲ್ಲ. ಹಾಗಾಗಿ ಅವಳ ಬದುಕನ್ನು ತಿಳಿಯುವುದೆಂದರೆ, ಪಕ್ಕದಲ್ಲಿ ಕುಳಿತವರು ಫೋನಿನಲ್ಲಿ ಆಡುವ ಮಾತು ಕೇಳಿ ಆ ಕಡೆಯವರು ಏನೆಂದರೆಂದು ಊಹಿಸಿದ ಹಾಗೆ.

ಟೀಚರಮ್ಮನ ಮನೆತನದವರು ಹಿಂದೆ ಕಬ್ಬಿಣದ ಕೊಪ್ಪರಿಗೆಗಳ ವ್ಯಾಪಾರ ಮಾಡುತ್ತಿದ್ದರು. ಸಂಡೂರಿನ ಗುಡ್ಡದ ಕಬ್ಬಿಣ, ಕಂಪ್ಲಿಯ ಕಬ್ಬು. ಕಬ್ಬಿನ ಹಾಲು ಕಾಯಿಸಲು ಕೊಪ್ಪರಿಗೆ ಬೇಕೇ ಬೇಕು. ಆ ವ್ಯಾಪಾರ ಕಟ್ಟಿದವನು ಸಂಡೂರಿಗೆ ಬಂದ ಆ ಸೊಸೆಯ ಮೈದುನ ಎಂದು ಮನೆಯ ಹಿರಿಯರು ಹೇಳಿಕೊಂಡು ಬಂದಿದ್ದರು. ವರ್ಷಕ್ಕೊಮ್ಮೆ ಹಿರಿಯರ ಪೂಜೆಯಲ್ಲಿ ಅವನ ಹೆಸರು ಹೇಳುತ್ತಿದ್ದರು. ಆಕೆಯ ಹೆಸರು ಯಾರಿಗೂ ಗೊತ್ತಿರಲಿಲ್ಲ. ಕಟ್ಟಿದವಳು ಆಕೆಯೇ ಎಂದು ಟೀಚರಮ್ಮನ ಅಜ್ಜಿ ಹೇಳುತ್ತಿದ್ದರಂತೆ. ಅದನ್ನು ತೋರಿಸಿಕೊಡಬೇಕು ಎಂಬುದು ಟೀಚರಮ್ಮನ ಹಟ. ಅಕ್ಷರ ಒಂದಕ್ಕೊಂದು ಕೂಡಿಸಿ ಬರೆಯುವ ಹಳೆಯ ಮೋಡಿ ಬರಹ ಓದುವುದನ್ನು ಕಂಪ್ಲಿಯ ಒಬ್ಬ ಮುದುಕರ ಬಳಿ ಎರಡು ವರ್ಷ ಬಸ್ಸಿನಲ್ಲಿ ಓಡಾಡಿ ಕಲಿತಿದ್ದರು.

“ನಡುವಿನ ಬರಹ ಶಾನುಭೋಗರ ಕೈಯದು. ಅದರಾಗ ಬರೇ ಕ್ಷೇಮ ಸಮಾಚಾರ,” ಎಂದರು. “ಅಂಚಿನ್ಯಾಗ ಸಣ್ಣಗೆ ಬ್ಯಾರೆ ಕೈ ಐತಿ. ಅದನ್ನ ಇನ್ನಾ ಓದಾಕ ಆಗಿಲ್ಲ. ಅಣ್ಣಾರ, ಅಂಚು ಮಾತ್ರ ಮುಟ್ಟಬ್ಯಾಡ್ರಿ.”

ಆಗಲಿ ಎಂದೆ. ಅವರು ಹೇಳಿದ್ದು ಕಿವಿಗೆ ಬಿದ್ದಿತ್ತು. ಕೇಳಿಸಲಿಲ್ಲ ಎಂದು ಈ ವಯಸ್ಸಿನಲ್ಲಿ ಹೇಳಲಾರೆ.

ನಮ್ಮ ಕಸುಬಿನಲ್ಲಿ ಹೊಲಿದು ಅಂಟು ಹಚ್ಚಿದ ಪುಸ್ತಕಕ್ಕೆ ಮೂರು ಕಡೆ ಕಟ್ ಕೊಡುತ್ತಾರೆ. ಕಟ್ ಕೊಡದೆ ಹೊರಗೆ ಕಳಿಸಿದರೆ ಅರ್ಧ ಕೆಲಸ ಎಂದು ಬೇರೆ ಅಂಗಡಿಯವರು ನಗುತ್ತಾರೆ. ಈ ಕಾಗದಗಳ ಅಂಚೋ, ಒಂದು ಉದ್ದ, ಒಂದು ಗಿಡ್ಡ, ಮೇಲೆ ಹಳದಿ ಕಲೆ. ನಾನು ಕಾಗದಗಳ ಒಂದು ಪಕ್ಕಕ್ಕೆ ಹೊಲಿಗೆ ಹಿಡಿಯಲು ಪಟ್ಟಿ ಅಂಟಿಸಿಕೊಟ್ಟೆ. ಹೆಂಡತಿ ಹೊಲಿದಳು. ಹೊಲಿಯುತ್ತಾ, “ರೀ, ಈ ಹಳದಿ ಮ್ಯಾಲೆ ಏನೋ ಬರದಾರ ನೋಡ್ರಿ,” ಎಂದಳು.

“ಲೆಕ್ಕಣಿಕಿ ಮೊನೆ ನೋಡಾಕ ಗೀಚ್ಯಾರ. ನಿನಗೇನ್ ತಿಳಿತೈತಿ, ಸುಮ್ನ ಹೊಲಿ,” ಎಂದೆ.

ಮಷೀನಿನ ಕೆಳಗಿಟ್ಟು ಹಿಡಿ ಎಳೆದೆ. ಮೂರು ಸಲ. ಪುಸ್ತಕ ಇಟ್ಟಿಗೆಯ ಹಾಗೆ ನೇರ ನಿಂತಿತು. ಖುಷಿಯಾಯಿತು. ಈಗ ಹೇಳಲು ನಾಚಿಕೆಯಾಗುತ್ತದೆ, ಆದರೆ ಆಗ ಖುಷಿಯೇ ಆಗಿತ್ತು.

ಎಂಟು ದಿನ ಬಿಟ್ಟು ಟೀಚರಮ್ಮ ಬಂದು ಪುಸ್ತಕ ತೆರೆದರು. ಒಂದು ಹಾಳೆಯ ಬದಿಗೆ ಬೆರಳು ಆಡಿಸಿದರು, ಇನ್ನೊಂದು ಹಾಳೆಗೆ ಆಡಿಸಿದರು.

“ಅಣ್ಣಾರ, ಅಂಚೆಲ್ಲಿ?”

ಅವರ ಮುಖ ನೋಡಿದೆ. ಆಗ ಹೇಳಿದೆ: “ನಮ್ಮಾಕಿ ಕೈ ತಪ್ಪಿ ಕಟ್ ಮಾಡ್ಯಾಳ್ರಿ. ನಾ ಅಂಗಡ್ಯಾಗ ಇರಲಿಲ್ಲ.”

ಹೆಂಡತಿ ನಾಲ್ಕು ಹೆಜ್ಜೆ ದೂರದಲ್ಲಿ ಚಾಪೆಯ ಮೇಲಿದ್ದಳು. ಸೂಜಿಗೆ ದಾರ ಪೋಣಿಸುತ್ತಿದ್ದವಳು ತಲೆ ಎತ್ತಿ ನನ್ನನ್ನು ನೋಡಿದಳು.

“ಏನವ್ವಾ, ಓದಾಕ ಬರಲ್ಲಂದ್ರ ಕತ್ತರಿಸಿ ಒಗೆಯೋದೇನು?” ಟೀಚರಮ್ಮ ಅವಳ ಕಡೆ ತಿರುಗಿದರು. “ಇನ್ನೂರು ವರ್ಷದ ಮ್ಯಾಲೆ ಉಳಿದಿತ್ತು ಅದು. ನಿನ್ನ ಕೈಗೆ ಬಂದು ಹೋತು.”

“ತಪ್ಪಾತ್ರೀ ಅಕ್ಕಾರ,” ಎಂದಳು ನನ್ನ ಹೆಂಡತಿ.

ಇಷ್ಟೇ ನಡೆದದ್ದು. ಅರ್ಧ ನಿಮಿಷವೂ ಹಿಡಿಯಲಿಲ್ಲ. ಟೀಚರಮ್ಮ ಪುಸ್ತಕವನ್ನು ಅಲ್ಲೇ ಬಿಟ್ಟು ಹೊರಟುಹೋದರು. ಮಧ್ಯಾಹ್ನ ಊಟಕ್ಕೆ ಬಡಿಸುವಾಗ ನಾನು ಏನೋ ಹೇಳಲು ಹೋದೆ. ಅವಳು ರೊಟ್ಟಿ ಹಾಕುತ್ತಾ, “ಹೆಂಗಸಿನ ಕೈ ತಪ್ಪಿತಂದ್ರ ನಾಕು ಮಾತು ಬೈತಾರ. ನಿಮ್ಮ ಕೈ ತಪ್ಪಿತಂದ್ರ ನಾಳಿಂದ ಯಾರೂ ಕೆಲಸ ತರಲ್ಲ. ಉಣ್ರಿ,” ಎಂದಳು. ನಾನು ಉಂಡೆ. ನಂತರ ಅವಳು ಕೇಳಿದ್ದು ಒಂದೇ ಮಾತು: “ಕಟಿಂಗ್ ಚೂರಿನ ಚೀಲ ಎಲ್ಲಿಗೆ ಹೋತು?”

ಆ ಚೀಲವನ್ನು ಕಡ್ಡಿರಾಂಪುರದ ಅಂಗಡಿಯವನು ಒಯ್ದಿದ್ದ. ಹಂಪಿಗೆ ಬರುವ ಪ್ರವಾಸಿಗರಿಗೆ ಅವನು ಕಲ್ಲಿನ ಆನೆ, ಕಲ್ಲಿನ ಬಸವಣ್ಣ ಮಾರುತ್ತಿದ್ದ. ಒಡೆಯದ ಹಾಗೆ ಡಬ್ಬಿಯಲ್ಲಿ ತುಂಬಲು ನಮ್ಮ ಚೂರು ಬೇಕಾಗುತ್ತಿತ್ತು. ಮರುದಿನ ಬೆಳಗಿನ ಬಸ್ಸಿಗೇ ಹೊರಟೆವು. ನಾನು ಎದುರಿನ ಚಹಾದಂಗಡಿಯಲ್ಲಿ ನಿಂತುಬಿಟ್ಟೆ. ಒಳಗೆ ಹೋದವಳು ಅವಳು. ಮಾತು ರಸ್ತೆಗೆ ಕೇಳುತ್ತಿತ್ತು.

“ಏನಕ್ಕಾ, ಬಂಗಾರ ಕಳಕೊಂಡಿಯೇನು?”

“ಬಂಗಾರ ಆಗಿದ್ರ ನಿನ್ನ ಅಂಗಡಿಗೆ ಯಾಕ ಕೊಡ್ತಿದ್ದೆ? ಸರಿ ಆಕಡೆ, ಆನಿ ಎತ್ತು.”

“ಪ್ಯಾಕ್ ಮಾಡೀನಲ್ಲಕ್ಕಾ!”

“ಬಿಚ್ಚಿ ಮತ್ತ ನಾನ ಮಾಡಿಕೊಡ್ತೀನಿ. ನಿನಗಿಂತ ಮಸ್ತ್ ಮಾಡ್ತೀನಿ.”

ಸಂಜೆಯವರೆಗೆ ಅವಳು ಡಬ್ಬಿ ಬಿಚ್ಚಿದಳು, ಚೂರು ಹೆಕ್ಕಿದಳು, ಮತ್ತೆ ತುಂಬಿದಳು. ಈಗಿನ ಬಿಳಿ ಕಾಗದದ ರಾಶಿಯಲ್ಲಿ ಆ ಹಳೆಯ ಪಟ್ಟಿಗಳು ಬೆರಳಿಗೇ ಬೇರೆಯಾಗಿ ಹತ್ತುತ್ತವೆ ಎಂದಳು. ಐದಾರು ಪಟ್ಟಿ ಸಿಗಲಿಲ್ಲ. ಅವು ಯಾವ ಊರಿನ ಯಾರ ಮನೆಯಲ್ಲಿ ಆನೆಯ ಹೊಟ್ಟೆಗೆ ಸುತ್ತಿಕೊಂಡು ಹೋದವೋ.

ಸಿಕ್ಕಿದ ಪಟ್ಟಿಗಳಲ್ಲಿ ಯಾವುದು ಯಾವ ಹಾಳೆಯದು? ನನಗೆ ತಿಳಿಯಲಿಲ್ಲ. ನನ್ನ ಹೆಂಡತಿ ನಾಲ್ಕನೆಯ ತರಗತಿಯವರೆಗೆ ಓದಿದವಳು, ಮೋಡಿ ಬರಹದ ಒಂದಕ್ಷರವೂ ಅವಳಿಗೆ ಬಾರದು. ಅವಳು ಅಕ್ಷರ ನೋಡಲಿಲ್ಲ, ಹುಳದ ತೂತು ನೋಡಿದಳು. ಕಾಗದದ ಹುಳ ಹಾಳೆಯಿಂದ ಹಾಳೆಗೆ ದಾರಿ ಕೊರೆಯುತ್ತದೆ. ಅಂಚಿನಲ್ಲಿ ಅರ್ಧ ತೂತು, ಹಾಳೆಯಲ್ಲಿ ಇನ್ನರ್ಧ. ಎರಡನ್ನೂ ಕೂಡಿಸಿ ಕಿಟಕಿಗೆ ಹಿಡಿದರೆ ದುಂಡಗೆ ಬೆಳಕು ಬೀಳಬೇಕು. ಬಿದ್ದರೆ ಅದರದೇ ಅಂಚು. ಅಂಗಡಿಯ ಕೆಲಸ ಮುಗಿಸಿ, ಅಡುಗೆ ಮುಗಿಸಿ, ಬೆಳಕಿರುವಷ್ಟು ಹೊತ್ತು ಕಿಟಕಿಯ ಬಳಿ ಕುಳಿತು ಒಂದು ತಿಂಗಳು ಹೀಗೆ ಮಾಡಿದಳು. ಮೂವತ್ತು ವರ್ಷ ಕಸುಬು ಮಾಡಿದ ನನಗೆ ಈ ಉಪಾಯ ಹೊಳೆದಿರಲಿಲ್ಲ. “ಹುಳ ತಿಂದದ್ದು ಚಲೋ ಆತು ನೋಡ್ರಿ,” ಎಂದು ನಕ್ಕಳು.

ಟೀಚರಮ್ಮನಿಗೆ ಫೋನು ಮಾಡಿದವಳೂ ಅವಳೇ. ಅವರು ಬಂದು ನೋಡಿ ಚಾಪೆಯ ಮೇಲೆ ಕುಳಿತುಬಿಟ್ಟರು. ಅಂದಿನಿಂದ ಪ್ರತಿ ಭಾನುವಾರ ಸಂಡೂರಿನಿಂದ ಬಂದರು. ಭೂತಕನ್ನಡಿ ಹಿಡಿದು ಅವರು ಅಂಚನ್ನು ಓದುವುದು, ಪಕ್ಕದಲ್ಲಿ ಇವಳು ಹೊಲಿಯುವುದು. ನಾನು ಮಷೀನಿನ ಬಳಿ ನಿಂತು ಕೇಳುವುದು.

ಆಗಿನ ಪದ್ಧತಿ ಹೀಗಿತ್ತಂತೆ: ಕಾಗದವನ್ನು ಶಾನುಭೋಗರು ಬರೆಯುವರು, ಗಂಡಸರ ಹೆಸರಿಗೆ. ಮಡಿಚುವ ಮೊದಲು ಅಂಚಿಗೆ ಅರಿಶಿನ ಹಚ್ಚಲು ಮನೆಯ ಹೆಂಗಸಿನ ಕೈಗೆ ಕೊಡುವರು. ಅರಿಶಿನ ಹಚ್ಚುವ ಅಷ್ಟು ಹೊತ್ತಿನಲ್ಲಿ ಕಂಪ್ಲಿಯವಳು ತನಗೆ ಬರುವ ದಪ್ಪ ಅಕ್ಷರಗಳನ್ನು ಇರುವೆಯ ಸಾಲಿನ ಹಾಗೆ ಸಣ್ಣ ಮಾಡಿ ಅಂಚಿನಲ್ಲಿ ಬರೆದಿದ್ದಳು. ಆ ಕಡೆ ಅರಿಶಿನ ನೋಡುವ ನೆಪದಲ್ಲಿ ಸಂಡೂರಿನವಳು ಓದುತ್ತಿದ್ದಳು.

ಶಾನುಭೋಗರ ಬರಹದಲ್ಲಿ ‘ಕೊಪ್ಪರಿಗೆಗಳು ತಲುಪಿದವು’ ಎಂದು ಮೈದುನನಿಗೆ ಬರೆದಿದ್ದರೆ, ಅಂಚಿನಲ್ಲಿ: ‘ನೀನು ಹೇಳಿ ಮಾಡಿಸಿದ ದಪ್ಪ ತಳದ್ದು ಬಂತು. ಹಾಲು ತಳ ಹತ್ತುವುದಿಲ್ಲ. ನಮ್ಮ ಗಾಣದವರೆಲ್ಲ ನಿನ್ನದನ್ನೇ ಕೇಳುತ್ತಾರೆ.’ ಇನ್ನೊಂದರಲ್ಲಿ: ‘ಆಚೆ ದಡದ ಗಾಣಗಳಿಗೆ ಹೋಗುವ ಬಂಡಿಯ ಜೊತೆ ನೀನೇ ಹಂಪಿಯವರೆಗೆ ಬಂದೆಯಂತೆ. ಹೊಳೆ ದಾಟಿಸುವವನು ನಿನ್ನ ಬಾಯಿಗೆ ಹೆದರಿ ಎರಡನೆಯ ಹರಿಗೋಲು ತಂದನಂತೆ. ನಕ್ಕು ನಕ್ಕು ಸಾಕಾಯಿತು.’ ಸಂಡೂರಿನವಳ ಮಗು ಸತ್ತದ್ದು ಅಂಚಿನಲ್ಲೇ ಇತ್ತು. ದಂಡು ಬಂದಾಗ ಆಕೆ ಕೊಪ್ಪರಿಗೆಯ ಅಚ್ಚುಗಳನ್ನು ಬಾವಿಗೆ ಇಳಿಸಿ ಉಳಿಸಿದ್ದು ಅಂಚಿನಲ್ಲೇ ಇತ್ತು. ಆಕೆಯ ಹೆಸರೂ ಅಲ್ಲೇ ಸಿಕ್ಕಿತು.

ಹದಿನಾಲ್ಕನೆಯ ಕಾಗದದ ಅಂಚಿನಲ್ಲಿ ಅರಿಶಿನ ಇರಲಿಲ್ಲ. ಸಂಡೂರಿನವಳ ಗಂಡ ತೀರಿಹೋದದ್ದು ಆಗ ಎಂದು ಟೀಚರಮ್ಮ ಹೇಳಿದರು. ಅಂಥವರಿಗೆ ಅರಿಶಿನದ ಕಾಗದ ಕಳಿಸುವುದಿಲ್ಲ. ಮುಂದಿನ ಎರಡು ಕಾಗದವೂ ಹಾಗೇ, ಬರಿದು. ಹದಿನೇಳನೆಯದಕ್ಕೆ ಮತ್ತೆ ಹಳದಿ, ಮೊದಲಿಗಿಂತ ದಪ್ಪಗೆ. ಅಲ್ಲಿದ್ದದ್ದು ಎರಡೇ ಸಾಲು: ‘ಹಚ್ಚಬಾರದು ಎಂದರು. ನನ್ನ ಗೆಳತಿಗೆ ನಾನು ಹಚ್ಚುತ್ತೇನೆ.’

ಆ ದಿನ ಒಳಗೆ ಇಬ್ಬರೂ ಅಳುತ್ತಿದ್ದರು. ನಾನು ಮಷೀನಿಗೆ ಎಣ್ಣೆ ಬಿಟ್ಟೆ. ಬಿಡುವ ಅಗತ್ಯವೇನೂ ಇರಲಿಲ್ಲ.

ಗಂಡ ಸತ್ತ ಮೇಲೆ, ಮಗುವನ್ನು ಕಳೆದುಕೊಂಡ ಮೇಲೆ, ಆ ಹೆಂಗಸು ಗುಡ್ಡದ ಕಬ್ಬಿಣವನ್ನು ಹೊಳೆಯ ಈಚೆ ಆಚೆಯ ಗಾಣಗಳಿಗೆ ಮುಟ್ಟಿಸುತ್ತಾ ಇಪ್ಪತ್ತು ವರ್ಷ ಬಾಳಿದಳು. ನಾನು ಅವಳಿಗೆ ಮನಸ್ಸಿನಲ್ಲೇ ಎಷ್ಟೋ ಸಲ ಕೈಮುಗಿದಿದ್ದೇನೆ. ಈಗ ಟೀಚರಮ್ಮನ ಮನೆಯ ಪೂಜೆಯಲ್ಲಿ ಅವಳ ಹೆಸರನ್ನೇ ಮೊದಲು ಹೇಳುತ್ತಾರೆ.

ಟೀಚರಮ್ಮ ಇದನ್ನೆಲ್ಲ ಸಣ್ಣ ಪುಸ್ತಕ ಮಾಡಿದರು. ಮುನ್ನುಡಿಯಲ್ಲಿ ಹೀಗೆ ಬರೆದರು: ಕೈ ತಪ್ಪಿ ಅಂಚು ಕತ್ತರಿಸಿದ ತಂಗಿಯೇ ಅವನ್ನು ಹುಡುಕಿ ಕೂಡಿಸಿಕೊಟ್ಟಳು. ಪ್ರೀತಿಯಿಂದಲೇ ಬರೆದದ್ದು. ಸಂಡೂರಿನಲ್ಲಿ ಅದರ ಬಿಡುಗಡೆಯಾದಾಗ ನನ್ನ ಹೆಂಡತಿಯನ್ನು ವೇದಿಕೆಗೆ ಕರೆದರು. ನಿರೂಪಣೆ ಮಾಡುತ್ತಿದ್ದವನು, “ಈಗ ನಮ್ಮ ಕತ್ತರಿ ಅಕ್ಕಾರು ಬರ್ತಾರ, ಕೈಯಾಗಿನ ಪೇಪರ್ ಎಲ್ಲಾ ಮುಚ್ಚಿಟ್ಕೊಳ್ರಿ,” ಎಂದ. ಜನ ಗೊಳ್ಳೆಂದು ನಕ್ಕು ಚಪ್ಪಾಳೆ ತಟ್ಟಿದರು. ಅವಳೂ ಸೆರಗು ಬಾಯಿಗಿಟ್ಟು ನಕ್ಕಳು. ಎರಡನೆಯ ಸಾಲಿನಲ್ಲಿದ್ದ ನಾನೂ ಚಪ್ಪಾಳೆ ತಟ್ಟಿದೆ. ಆ ಹೆಸರು ಉಳಿದುಕೊಂಡಿತು. ನಮ್ಮ ಬೀಗರೂ ಈಗ ಹಾಗೇ ಕರೆಯುತ್ತಾರೆ.

ಆ ಪುಸ್ತಕ ಎರಡನೆಯ ಸಲ ಅಚ್ಚಾಗುತ್ತಿದೆ. ಬೈಂಡಿಂಗ್ ವಿಷಯ ನೀವೇ ಬರೆಯಿರಿ ಎಂದು ಟೀಚರಮ್ಮ ಕೇಳಿದ್ದು ಅದಕ್ಕೇ. ಹೋದ ತಿಂಗಳು ಒಬ್ಬನೇ ಬಸ್ಸು ಹತ್ತಿ ಸಂಡೂರಿಗೆ ಹೋಗಿ ನಡೆದದ್ದನ್ನು ಹೇಳಿದೆ. ಕುಂದ್ರಿ ಎಂದು ಕುರ್ಚಿ ಹಾಕಿದ್ದವರು ಎದ್ದು ನಿಂತರು.

“ಅಂದ್ರ ನಾ ಆಕಿನ್ನ ಬೈದದ್ದೂ ಸುಳ್ಳು, ಕ್ಷಮಿಸೀನಿ ಅಂತ ದೊಡ್ಡಸ್ತನ ತೋರಿಸಿದ್ದೂ ಸುಳ್ಳು?”

“ಹೌದ್ರಿ. ನನ್ನ ತಪ್ಪು. ಕ್ಷಮಿಸ್ರಿ.”

“ನನಗ ಹೇಳಿದ್ರಿ. ಆಕಿ ಮುಂದ ಹೇಳಿರೇನು?”

“ಆಕಿಗೆ ಗೊತ್ತೈತ್ರಿ, ಟೀಚರ್.”

“ಆಕಿಗೆ ಗೊತ್ತಿರೋದು ಬ್ಯಾರೆ, ನೀವು ಬಾಯಿ ಬಿಟ್ಟು ಹೇಳೋದು ಬ್ಯಾರೆ.”

ಮುನ್ನುಡಿಯ ಆ ಸಾಲನ್ನು ತೆಗೆಯುತ್ತೇನೆ ಎಂದರು. ತೆಗೆಯಬೇಡಿ, ಅದರ ಕೆಳಗೆ ನನ್ನದನ್ನು ಹಾಕಿ ಎಂದೆ. ತೆಗೆದರೆ ಅವಳು ಇಷ್ಟು ವರ್ಷ ಹೊತ್ತದ್ದು ಏನೆಂದು ಓದುವವರಿಗೆ ತಿಳಿಯುವುದಿಲ್ಲ.

ಅಂಚು ಕತ್ತರಿಸಿದವನು ನಾನು. ಬೇಡ ಎಂದು ಹೇಳಿಸಿಕೊಂಡೂ ಕತ್ತರಿಸಿದೆ. ಅಂಗಡಿಯಲ್ಲಿ ಇರಲಿಲ್ಲ ಎಂದದ್ದೂ ಸುಳ್ಳು. ಟೀಚರಮ್ಮನ ಕ್ಷಮೆ ಕೇಳಿದ್ದೇನೆ, ಓದುವ ನಿಮ್ಮನ್ನೂ ಕೇಳುತ್ತಿದ್ದೇನೆ. ಕಾಗದದ ಮುಂದೆ ಕುಳಿತು ಇಷ್ಟು ಜನರನ್ನು ಕೇಳುವುದು ಸುಲಭ. ಒಂದೇ ಮನೆಯಲ್ಲಿ, ದಿನಕ್ಕೆರಡು ಸಲ ಎದುರು ಕುಳಿತು ಉಂಡರೂ ಈ ಹೊತ್ತಿನವರೆಗೆ ನಾನು ತಪ್ಪಾಯಿತು ಎಂದು ಹೇಳದೆ ಉಳಿದಿರುವುದು ಒಬ್ಬರಿಗೇ: ನನ್ನ ಹೆಂಡತಿಗೆ.