ಕಾಲರ್ ತಿರುಗಿಸಿದವನು

ಅವನ ಬಲಗೈ ಹೆಬ್ಬೆರಳಿನ ಬುಡದಲ್ಲಿ ಕತ್ತರಿ ಉಜ್ಜಿ ಉಜ್ಜಿ ಹುಣಸೆಬೀಜದಷ್ಟು ಜಡ್ಡು ಎದ್ದಿತ್ತು. ಆ ಬೆರಳು ಮುಟ್ಟಿದರೆ ಮೊಬೈಲಿನ ಗಾಜೇ ಒಡೆದೀತು ಅನ್ನಿಸುತ್ತಿತ್ತು. ಆದರೂ ಆಟದೊಳಗೆ ಅವನ ಕುದುರೆ ನನ್ನದಕ್ಕಿಂತ ಹಗುರಾಗಿ ಓಡುತ್ತಿತ್ತು.

ಅವನು ನಂಜನಗೂಡಿನ ಪೇಟೆಯಲ್ಲಿ ಟೈಲರ್. ನಾನು ನರಸೀಪುರದ ಅಕ್ಕಿ ಗಿರಣಿಯೊಂದರಲ್ಲಿ ಗುಮಾಸ್ತನಾಗಿದ್ದು, ಕೆಲಸ ಬಿಟ್ಟು ನಂಜನಗೂಡಿಗೆ ಬಂದವನು. ಬೆಳಗಾದರೆ ಅವನ ಅಂಗಡಿ ಬೆಂಚೇ ನನ್ನ ಜಾಗ. ಹತ್ತಾರು ಊರಿನವರು ಒಟ್ಟಾಗಿ ಕೋಟೆ ಗೆಲ್ಲುವ ಆ ಆನ್‌ಲೈನ್ ಆಟವನ್ನು ಅವನಿಗೆ ಕಲಿಸಿದ್ದೇ ನಾನು. ನಾನು ಎಸ್ಸೆಸ್ಸೆಲ್ಸಿ, ಅವನು ನಾಲ್ಕನೇ ಕ್ಲಾಸು. ಆರೇ ತಿಂಗಳಲ್ಲಿ ನನಗಿಂತ ಮುಂಚೆ ಕೊನೆಯ ಲೆವೆಲ್ ಮುಟ್ಟಿದ. ಅಂದಿನಿಂದ ನನ್ನ ಹೊಟ್ಟೆಯಲ್ಲಿ ಉರಿ.

ಹಠ ಹಿಡಿದು ನಾನೂ ಮುಟ್ಟಿದೆ. ನೋಡಿದರೆ ಅಲ್ಲಿ ಏನೂ ಇಲ್ಲ. ದಿನವೂ ಅದೇ ಕೋಟೆ, ಅದೇ ರಾಕ್ಷಸ, ಗೆದ್ದರೆ ಅದೇ ಕತ್ತಿಗೆ ಒಂದಿಷ್ಟು ಹೊಳಪು.

"ಮುಗೀತು ಕಣೋ ಇದು. ಇನ್ನೇನೈತೆ ಇದ್ರಲ್ಲಿ?" ಅಂದೆ.

"ನಿನ್ ಅಂಗಿ ಬಿಚ್ಲಾ," ಅಂದ.

"ಯಾಕ್ಲಾ?"

"ಬಿಚ್ಚು ಅಂದ್ರೆ ಬಿಚ್ಚು. ಮದ್ವೆ ಗಂಡೇನ್ಲಾ ನೀನು, ನಾಚ್ಕೊಳಕೆ?"

ನನ್ನ ಸವೆದ ಕಾಲರ್ ಕಿತ್ತು, ಮಗುಚಿ, ಕೆಳಗಿನ ಹೊಸ ಮಗ್ಗುಲು ಮೇಲೆ ಬರುವಂತೆ ಹೊಲಿದು ಕೊಟ್ಟ. "ಅದೇ ಅಂಗಿ. ಕಾಲರ್ ತಿರುಗ್ಸಿದ್ರೆ ಇನ್ನೆರಡು ವರ್ಸ. ಆಟಾನೂ ಅಂಗೇ ಕಣ್ಲಾ."

ಆಟದಲ್ಲೂ ಹಾಗೇ ಮಾಡುತ್ತಿದ್ದ. ಒಂದು ದಿನ ಕತ್ತಿ ಇಲ್ಲದೆ ಕೋಟೆಗೆ ನುಗ್ಗುವುದು, ಇನ್ನೊಂದು ದಿನ ಆಗ ತಾನೇ ಸೇರಿದವನೇ ಮುಂದೆ, ಹಳಬರೆಲ್ಲ ಅವನ ಹಿಂದೆ. ಅವನ ತಂಡದಲ್ಲಿ ನಲವತ್ತು ಜನ. ಬದನವಾಳಿನ ಮೇಷ್ಟ್ರಾಗಲಿ, ಸೋಸಲೆಯ ಹಾಲಿನ ವ್ಯಾನ್ ಡ್ರೈವರಾಗಲಿ, ಮೈಕ್ ಹಾಕಿದೊಡನೆ ಒಂದೇ ಮಾತು: "ಟೈಲರ್ ಸಾ, ಇವತ್ತೇನ್ ಕಾಲರ್?" ಕಲಿಸಿದ ನಾನು ಪಕ್ಕದ ಬೆಂಚಿನಲ್ಲೇ ಕೂತಿದ್ದೆ. ನನ್ನನ್ನು ಒಬ್ಬನೂ ಕೇಳಲಿಲ್ಲ.

ಎದೆನೋವು ಬಂದು ಅವನು ಮೈಸೂರಿನ ಆಸ್ಪತ್ರೆಗೆ ಹೊರಟ. ಹೋಗುವ ಮುಂಚೆ ತಂಡದ ಮುಂದಾಳುತನವನ್ನು ನನ್ನ ಹೆಸರಿಗೆ ಮಾಡಿದ. "ನಾ ಬರಗಂಟ ನೋಡ್ಕೊ. ನೀನೇ ಅಲ್ವಾ ನನ್ ಗುರು."

ಆ ಮಾತಿಗಾದರೂ ನಾನು ಕರಗಬೇಕಿತ್ತು. ಮೂರನೇ ದಿನ ನಾನೂ ಒಂದು ಕಾಲರ್ ತಿರುಗಿಸಲು ಹೋದೆ: ಎಲ್ಲರೂ ಕುದುರೆ ಬಿಟ್ಟು ನಡೆದೇ ಹೋಗೋಣ ಅಂದೆ. ಡ್ರೈವರ್ ನಕ್ಕು, "ಟೈಲರ್ ಸಾ ಬರ್ಲಿ ಬುಡಿ ಸಾ," ಅಂದ. ತಂಡವನ್ನು ವಿಸರ್ಜಿಸುವ ಗುಂಡಿ ಒತ್ತಿದೆ. ಖಚಿತವೇ ಅಂತ ಆಟವೇ ಕೇಳಿತು. ಹೌದು ಅಂತ ಒತ್ತಿದೆ.

ವಾಪಸು ಬಂದವನು ಮೊಬೈಲನ್ನು ಬಹಳ ಹೊತ್ತು ನೋಡಿದ. "ಎಲ್ಲೋದ್ರ್ಲಾ ಎಲ್ಲಾ?"

"ಬೇಜಾರಾಯ್ತಂತೆ. ಬಿಟ್ಟೋದ್ರು."

ಬೇರೆ ಯಾರನ್ನೂ ವಿಚಾರಿಸಲಿಲ್ಲ. ನನ್ನ ಮಾತೇ ಅವನಿಗೆ ಸಾಕಾಯಿತು. "ನನ್ದೇ ತಪ್ಪು ಕಣ್ಲಾ. ಹೊಸದೇನೂ ಹೊಲೀಲಿಲ್ಲ ನಾನು," ಅಂದು ಮೊಬೈಲನ್ನು ಗುಂಡಿ ಡಬ್ಬಿಯ ಪಕ್ಕಕ್ಕಿಟ್ಟ. ಮತ್ತೆ ಆಡಲಿಲ್ಲ. ಎರಡು ತಿಂಗಳಿಗೆ ಹೋಗಿಬಿಟ್ಟ.

ಮಣ್ಣು ಮಾಡುವ ದಿನ ಆ ಡ್ರೈವರ್ ಬಂದಿದ್ದ. ನನ್ನನ್ನು ಪಕ್ಕಕ್ಕೆ ಕರೆದು, "ತಂಡ ಮುಚ್ಚಿ ಅಂತ ಟೈಲರ್ ಸಾ ಅವರೇ ಏಳಿದ್ರಾ?" ಅಂತ ಕೇಳಿದ.

ನಾನು ಹೂಂ ಅಂದೆ.

ಆವತ್ತು ಮೈಮೇಲೆ ಇದ್ದದ್ದು ಅವನು ಹೊಲಿದುಕೊಟ್ಟ ಅದೇ ಅಂಗಿ. ಇವತ್ತೂ ಗಟ್ಟಿಯಾಗಿದೆ. ಸವೆದ ಮಗ್ಗುಲು ಕೆಳಗಿದೆ. ಇದನ್ನು ಬರೆಯುವ ತನಕ ಯಾರಿಗೂ ಕಂಡಿರಲಿಲ್ಲ.